ಬಡ್ಡಿ ಬೇಡವೆಂದವಳ ದುಡ್ಡು

ಮಾಬೂಬಿ ತನ್ನ ತಾಯಿಯ ಮುಖವನ್ನು ಕೊನೆಯ ಸಲ ನೋಡದಂತೆ ಮಾಡಿದವಳು ನಾನು. ಅವಳ ದುಡ್ಡು ನನ್ನ ಹೆಸರಿನಲ್ಲಿತ್ತು. ಊರಿಗೆ ಹೋಗಲು ಕೇಳಿದಳು. ಕೊಡಬಹುದಾಗಿತ್ತು, ಕೊಡಲಿಲ್ಲ — ಬ್ಯಾಂಕಿನವರು ಕೊಡುವುದಿಲ್ಲ ಎಂದು ಸುಳ್ಳು ಹೇಳಿದೆ. ಇಷ್ಟನ್ನು ಬರೆಯಲು ನನಗೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ನಾನು ಹೊನ್ನಾಳಿಯವಳು, ನರ್ಸ್ ಆಗಿದ್ದವಳು. ಚಿಕ್ಕ ವಯಸ್ಸಿನಲ್ಲೇ ನರ್ಸಿಂಗ್ ಹಾಸ್ಟೆಲ್ ಸೇರಿದೆ. ಅಲ್ಲಿ ಬೆಳಗಿನ ಗಂಟೆ ಬಾರಿಸಿದ ಮೇಲೆ ಮಲಗಿದ್ದವರಿಗೆ ಅಂದಿನ ಕಾಫಿ ಇಲ್ಲ. ಚಾದರದ ಮೂಲೆ ಸ್ವಲ್ಪ ಸಡಿಲವಾಗಿದ್ದರೂ ಮೇಟ್ರನ್ ಇಡೀ ಹಾಸಿಗೆ ಕಿತ್ತು ಮತ್ತೆ ಹಾಸಿಸುತ್ತಿದ್ದರು. ಉಳಿದ ಹುಡುಗಿಯರು ಅಳುತ್ತಿದ್ದರು. ನನಗೆ ಅದು ಹಿಡಿಸಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಮಸ್ಕತ್ತಿನ ಒಂದು ಆಸ್ಪತ್ರೆಗೆ ಹೋದಾಗ ಆ ಶಿಸ್ತನ್ನೂ ಜೊತೆಗೇ ಒಯ್ದೆ. ನಾನು ತಪ್ಪು ಮಾಡಿದ್ದು ಶಿಸ್ತು ತಪ್ಪಿ ಅಲ್ಲ. ಶಿಸ್ತಾಗಿಯೇ ಮಾಡಿದೆ.

ಪರದೇಶಕ್ಕೆ ಹೋದವರಿಗೆ ಮೊದಲ ಸಂಬಳ ಕೈಗೆ ಬಂದ ದಿನವೇ ಯೋಚನೆ ಶುರುವಾಗುತ್ತದೆ — ಇದನ್ನು ಎಲ್ಲಿಡುವುದು, ಊರಿಗೆ ಹೇಗೆ ಕಳಿಸುವುದು? ಹೆಚ್ಚಿನ ನರ್ಸುಗಳು ಆಸ್ಪತ್ರೆಯ ಎದುರಿಗಿದ್ದ ಬ್ಯಾಂಕಿಗೆ ಹೋಗುತ್ತಿದ್ದರು, ಎದುರಿಗೇ ಇದೆ ಎಂಬ ಒಂದೇ ಕಾರಣಕ್ಕೆ. ನಾನು ರಜೆಯ ದಿನಗಳಲ್ಲಿ ಪೇಟೆಯ ಬ್ಯಾಂಕುಗಳನ್ನೆಲ್ಲ ಸುತ್ತಿದೆ. ರಿಯಾಲಿಗೆ ಎಷ್ಟು ರೂಪಾಯಿ ಕಟ್ಟಿಕೊಡುತ್ತೀರಿ, ಡ್ರಾಫ್ಟಿಗೆ ಕಮಿಷನ್ ಎಷ್ಟು, ಹೊನ್ನಾಳಿಯಂಥ ಊರಿನಲ್ಲಿ ಆ ಡ್ರಾಫ್ಟ್ ನಗದಾಗಲು ಎಷ್ಟು ದಿನ ಬೇಕು, ಠೇವಣಿ ಇಟ್ಟರೆ ಬಡ್ಡಿ ಎಷ್ಟು — ಎಲ್ಲ ಕಡೆಯೂ ಇವೇ ಪ್ರಶ್ನೆಗಳು. ಒಂದು ಬ್ಯಾಂಕಿನಲ್ಲಿ ಮಂಗಳೂರಿನ ಗುಮಾಸ್ತರೊಬ್ಬರಿದ್ದರು. ಪೂರ್ತಿ ಕೇಳಿಸಿಕೊಂಡು, "ನೀವು ಖಾತೆ ತೆರೆಯಲಿಕ್ಕೆ ಬಂದದ್ದಾ, ಬ್ಯಾಂಕನ್ನೇ ಕೊಳ್ಳಲಿಕ್ಕೆ ಬಂದದ್ದಾ ಮಾರಾಯ್ರೇ?" ಎಂದು ನಕ್ಕರು. ಅಲ್ಲೇ ಖಾತೆ ತೆರೆದೆ. ನಾನು ಹೇಳಿದ ಬ್ಯಾಂಕೇ ಸರಿ ಎಂದು ಆಸ್ಪತ್ರೆಯ ಉಳಿದ ನರ್ಸುಗಳೂ ಒಬ್ಬೊಬ್ಬರಾಗಿ ಅಲ್ಲಿಗೇ ಬಂದರು. ನನಗೆ ಬ್ಯಾಂಕ್ ಸಿಸ್ಟರ್ ಎಂದು ಹೆಸರಾಯಿತು. ಆ ಹೆಸರು ನನಗೆ ಇಷ್ಟವಾಗಿತ್ತು — ಈಗ ನೆನೆದರೆ ತಲೆ ತಗ್ಗುತ್ತದೆ.

ಮಾಬೂಬಿ ನಮ್ಮ ವಾರ್ಡಿನಲ್ಲಿ ನೆಲ ಒರೆಸುತ್ತಿದ್ದಳು. ಗಾಲಿಯ ಬಕೆಟ್ಟು ತನ್ನಷ್ಟಕ್ಕೆ ಉರುಳಿ ಹೋಗುತ್ತಿದ್ದಾಗ, "ಎಲ್ಲಿಗ್ ಹೋಗಿ ಸಾಯ್ತೀಯ, ಇಲ್ಲೇ ನಿಂತ್ಕ!" ಎಂದು ಅದನ್ನು ಬೈದದ್ದು ಕೇಳಿಸಿತು. ನಾನು ಔಷಧಿಯ ಟ್ರೇ ಹಿಡಿದುಕೊಂಡೇ ತಿರುಗಿದೆ.

"ಯಾವೂರು ನಿಂದು?"

"ಸಾಸ್ವೆಹಳ್ಳಿ ರೀ." ಅಷ್ಟು ಹೇಳಿ, ಕನ್ನಡದಲ್ಲಿ ಉತ್ತರ ಕೊಟ್ಟೆನೆಂದು ತನಗೇ ಆಗ ಹೊಳೆದು, ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮ ಹೊನ್ನಾಳಿಯ ಹತ್ತಿರದ್ದೇ ಊರು. ಅವತ್ತಿನಿಂದ ನಾನು ಅವಳಿಗೆ ಅಕ್ಕ.

ಗಂಡ ಬಿಟ್ಟುಹೋಗಿದ್ದ. ತಾಯಿ ತಲೆಯ ಮೇಲೆ ಬಳೆಯ ಮಲಾರ ಹೊತ್ತು, ಮಾರುತ್ತಾ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದವರು. ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರ ಒಂದು ಬಳೆ ಅಂಗಡಿ ಹಾಕಬೇಕು, ಅಮ್ಮ ನಡೆಯುವುದು ನಿಲ್ಲಬೇಕು — ಅವಳು ಸಮುದ್ರ ದಾಟಿದ್ದು ಅಷ್ಟಕ್ಕೇ. ಆದರೆ ಅವಳಿಗೆ ಬ್ಯಾಂಕಿನಲ್ಲಿ ಖಾತೆ ತೆರೆಯಲು ಆಗುತ್ತಿರಲಿಲ್ಲ. ಪಾಸ್‌ಪೋರ್ಟು ಅವಳನ್ನು ಕೆಲಸಕ್ಕೆ ಕರೆತಂದ ಕಂಟ್ರಾಕ್ಟರನ ಹತ್ತಿರ. ಪಾಸ್‌ಪೋರ್ಟ್ ಇಲ್ಲದೆ ಖಾತೆ ಇಲ್ಲ. ಅವಳಿದ್ದ ಕೋಣೆಯಲ್ಲೋ ಹತ್ತಾರು ಹೆಂಗಸರು. ಟ್ರಂಕಿನಲ್ಲಿಟ್ಟ ದುಡ್ಡು ಎರಡು ಸಲ ಕಳುವಾಗಿತ್ತು. ಕೊನೆಗೆ ನನ್ನ ಹತ್ತಿರ ಬಂದಳು.

"ಅಕ್ಕ, ನಿಮ್ಮ ಹೆಸರಾಗೆ ಇಡ್ರಿ. ಒಂದ್ ಮಾತು, ಬಡ್ಡಿ ಬರೋ ಕಡೆ ಬ್ಯಾಡ. ಹಾಕಿದ್ದಷ್ಟೇ ಇರ್ಲಿ. ಬಡ್ಡಿ ರೊಕ್ಕ ನಮಗೆ ಆಗಲ್ಲ. ಅಮ್ಮ ಅದ್ರಾಗೆ ಮಾಡಿದ ಅಂಗಡಿ ಮೆಟ್ಟಿಲು ಹತ್ತಲ್ಲ."

"ಆಯ್ತು, ಹಂಗೇ ಇಡ್ತೀನಿ," ಎಂದೆ.

ಹಾಗೆ ಇಡಲಿಲ್ಲ. ಆ ಬ್ಯಾಂಕಿನಲ್ಲಿ ದೊಡ್ಡ ಮೊತ್ತದ ಠೇವಣಿಗೆ ಬಡ್ಡಿಯ ದರವೂ ಹೆಚ್ಚು. ನನ್ನೊಬ್ಬಳ ಉಳಿತಾಯ ಆ ಮಟ್ಟ ಮುಟ್ಟುತ್ತಿರಲಿಲ್ಲ. ಮಾಬೂಬಿಯದು ಸೇರಿದರೆ ಮುಟ್ಟುತ್ತಿತ್ತು. ಎರಡನ್ನೂ ಸೇರಿಸಿ ಒಂದೇ ಠೇವಣಿ ಮಾಡಿದೆ, ನನ್ನ ಹೆಸರಿನಲ್ಲಿ, ಒಂದು ವರ್ಷಕ್ಕೆ. ಅವಳಿಗೆ ಬೇಡವಾದ ಬಡ್ಡಿ ನನಗೆ ಬಂದರೆ ಯಾರಿಗೆ ನಷ್ಟ — ಹೀಗೆ ನನಗೆ ನಾನೇ ಹೇಳಿಕೊಂಡೆ. ಆಗ ಹೊನ್ನಾಳಿಯಲ್ಲಿ ಒಂದು ನಿವೇಶನಕ್ಕೆ ಮುಂಗಡ ಕೊಟ್ಟಿದ್ದೆ. ಠೇವಣಿ ಬಂದ ಕೂಡಲೇ ಬಾಕಿ ತೀರಿಸುವ ಲೆಕ್ಕ. ಎಲ್ಲವೂ ಅಚ್ಚುಕಟ್ಟಾಗಿ ಕೂತಿತ್ತು.

ಠೇವಣಿಯ ಅವಧಿ ಮುಗಿಯುವುದು ಬಕ್ರೀದ್ ಆದ ಮೇಲೆ. ಅದಕ್ಕೆ ಇನ್ನೂ ಒಂದು ತಿಂಗಳ ಮೇಲಿದ್ದಾಗ, ಚನ್ನಗಿರಿಯ ಕಡೆಯ ಗಾರೆಯವನೊಬ್ಬ ರಜೆ ಮುಗಿಸಿ ಬಂದವನು, ಮಾಬೂಬಿಗೆಂದು ಒಂದು ಕ್ಯಾಸೆಟ್ ತಂದುಕೊಟ್ಟ. ಆಗ ಓದು ಬರಹ ಬಾರದ ಮನೆಯವರು ಕಾಗದದ ಬದಲು ಟೇಪಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಟೇಪ್ ರೆಕಾರ್ಡರ್ ಇದ್ದದ್ದು ನನ್ನ ಕೋಣೆಯಲ್ಲಿ. ಇಬ್ಬರೂ ಹಾಸಿಗೆಯ ಮೇಲೆ ಕೂತು ಕೇಳಿದೆವು.

ಮೊದಲು ಅವಳ ಅಣ್ಣನ ದನಿ: "ಮಾತಾಡಮ್ಮಾ, ತಿರುಗ್ತಾ ಐತೆ."

"ಯಾರ ಮುಖ ನೋಡ್ಕಂಡು ಮಾತಾಡ್ಲೋ? ಈ ಡಬ್ಬೀದಾ?"

ಮಾಬೂಬಿ ಕಿಲಕಿಲ ನಕ್ಕಳು. ನನಗೆ ನಗು ಬರಲಿಲ್ಲ. ಆ ತಾಯಿ ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರದೆ ನಡುನಡುವೆ ನಿಲ್ಲುತ್ತಿದ್ದರು. ನಿಂತಲ್ಲೆಲ್ಲ ಎದೆಯ ಗೊರಗೊರ ಸದ್ದು ಟೇಪಿನಲ್ಲೂ ಕೇಳುತ್ತಿತ್ತು. ಅಂಥ ಉಸಿರನ್ನು ನಾನು ವಾರ್ಡಿನಲ್ಲಿ ಎಷ್ಟೋ ಕೇಳಿದ್ದೆ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದೂ ಗೊತ್ತಿತ್ತು. ತಮ್ಮ ಮನೆಯ ಉರ್ದುವಿನಲ್ಲಿ ಮಗಳೊಡನೆ ಮಾತಾಡುತ್ತಿದ್ದವರು ಕೊನೆಗೆ ಕನ್ನಡಕ್ಕೆ ತಿರುಗಿದರು. ಆ ಮಾತು ನನಗಾಗಿಯೇ ಇತ್ತು.

"ಸಿಸ್ಟರಮ್ಮ, ನೀವೂ ಕೇಳ್ತಾ ಇರ್ತೀರಂತೆ. ಅಂಗಡಿ ಆಗ್ಲಿ ಬಿಡ್ಲಿ... ನನ್ನ ಮಗಳನ್ನ ಒಂದ್ಸಲ ಕಳಿಸಿಕೊಡ್ರಿ ತಾಯಿ. ಅವಳ ಕೈ ಬರಿದಾಗಿರ್ತದೆ. ನಾಕು ಬಳೆ ತೊಡಿಸ್ತೀನಿ."

ಮರುದಿನವೇ ಮಾಬೂಬಿ ಕಂಟ್ರಾಕ್ಟರನ ಹತ್ತಿರ ಓಡಿದಳು. ಓಡುತ್ತಲೇ ಬಂದಳು.

"ಟಿಕೆಟ್ ನೀನೇ ತಗಂಡ್ರೆ ಪಾಸ್‌ಪೋರ್ಟ್ ಕೊಡ್ತೀನಿ ಅಂದ ಅಕ್ಕ! ನಾಳೆ ರೊಕ್ಕ ತೆಗೆಸಿ ಕೊಡ್ರಿ. ಅಂಗಡಿ ಆಮ್ಯಾಲೆ ನೋಡಾನ."

ಠೇವಣಿಯನ್ನು ಅವಧಿಗೆ ಮೊದಲೇ ಮುರಿಯಬಹುದಿತ್ತು. ಮುರಿದರೆ ವರ್ಷದ ಬಡ್ಡಿ ಪೂರ್ತಿ ಹೋಗುತ್ತಿತ್ತು — ಅವಳ ಪಾಲಿನದಲ್ಲದೆ ನನ್ನದೂ, ಎರಡನ್ನೂ ಸೇರಿಸಿದ್ದೆನಲ್ಲ. ಮುರಿಯುವುದೂ ಬೇಕಿರಲಿಲ್ಲ. ಟಿಕೆಟ್ಟಿಗೆ ಸಾಕಾಗುವಷ್ಟು ಹಣ ನನ್ನ ಸಂಬಳದ ಖಾತೆಯಲ್ಲಿತ್ತು. ಅದನ್ನು ಕೊಟ್ಟು ಆಮೇಲೆ ಅವಳ ದುಡ್ಡಿನಲ್ಲಿ ಹಿಡಿದುಕೊಳ್ಳಬಹುದಿತ್ತು. ಆದರೆ ಸಂಬಳದ ಖಾತೆಯಿಂದ ಯಾರಿಗೂ ಕೈಸಾಲ ಇಲ್ಲ ಎಂಬುದು ನನ್ನ ನಿಯಮ. ನಾನೇ ಮಾಡಿಕೊಂಡ ನಿಯಮ. ಅದನ್ನು ಒಂದು ಸಲ ಮುರಿದಿದ್ದರೆ—

ನಾನು ಚಾದರ ಮಡಿಸುತ್ತಿದ್ದೆ. ಅವಳ ಮುಖ ನೋಡದೆ ಹೇಳಿದೆ: "ಈಗ ತೆಗೆಯಾಕೆ ಬರಲ್ಲ ಮಾಬೂಬಿ. ಪರದೇಶದವರ ದುಡ್ಡಿಗೆ ಇಲ್ಲಿ ಒಂದು ಕಾನೂನು ಐತೆ. ಬ್ಯಾಂಕಿನವರು ಬಕ್ರೀದ್ ಆದ ಮೇಲೇನೇ ಕೊಡಾದು."

ಅವಳು ಜಗಳವಾಡಿದ್ದರೆ, ಬ್ಯಾಂಕಿಗೆ ನಾನೂ ಬರ್ತೀನಿ ಎಂದಿದ್ದರೆ, ನನ್ನ ಸುಳ್ಳು ಅಲ್ಲೇ ಬಿದ್ದುಹೋಗುತ್ತಿತ್ತು. ಅವಳು ನನ್ನನ್ನೇ ಸಮಾಧಾನ ಮಾಡಿದಳು.

"ನೀವಾದ್ರೂ ಏನ್ ಮಾಡಾಕಾಗ್ತದೆ ಅಕ್ಕ. ಕಾನೂನು ಅಂದ್ ಮ್ಯಾಲೆ."

ಆ ವಾರ ನನ್ನ ಕೋಣೆಯಲ್ಲೇ ಕೂತು ತಾಯಿಗೆ ಟೇಪು ಮಾಡಿದಳು. ಕೊನೆಯಲ್ಲಿ ಯಂತ್ರವನ್ನು ನನ್ನ ಕಡೆ ಸರಿಸಿ, "ನೀವೂ ಎರಡ್ ಮಾತು ಹೇಳ್ರಿ. ನಿಮ್ಮ ದನಿ ಕೇಳಿದ್ರೆ ಅಮ್ಮಗೆ ಧೈರ್ಯ," ಎಂದಳು. ಹೇಳಿದೆ. ಗಂಟಲು ಸರಿಮಾಡಿಕೊಂಡು, ರೋಗಿಗಳ ಮನೆಯವರೊಡನೆ ಮಾತಾಡುವ ದನಿಯಲ್ಲಿ ಹೇಳಿದೆ: "ಅಮ್ಮಾರೇ, ಔಷಧಿ ಬಿಡಬ್ಯಾಡ್ರಿ. ಬಕ್ರೀದ್ ಆಗ್ತಿದ್ದಂಗೆ ಮಗಳನ್ನ ಕಳಿಸ್ತೀನಿ. ಇದು ನನ್ನ ಮಾತು."

ಬಕ್ರೀದಿಗೆ ಇನ್ನೂ ಸ್ವಲ್ಪ ದಿನವಿದ್ದಾಗ ಆಸ್ಪತ್ರೆಗೆ ತಂತಿ ಬಂತು. ಕೈಗೆ ತೆಗೆದುಕೊಂಡವಳು ನಾನೇ. ಹೇಳಿದವಳೂ ನಾನೇ. ಮಾಬೂಬಿ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ, ಅದರ ಅಂಚಿಗೆ ಹಾಕಿ, ನೆಲದ ಮೇಲೆ ಕೂತಳು. ಅಳಲಿಲ್ಲ. ನನ್ನ ಕಡೆ ತಲೆಯೆತ್ತಿ ಕೇಳಿದಳು:

"ಅಕ್ಕ, ಆವತ್ತೇ ಹೋಗಿದ್ರೆ... ಸಿಗ್ತಿದ್ಲಾ?"

ಕ್ಯಾಸೆಟ್ ಬಂದ ಮೇಲೆ ಆ ತಾಯಿ ಹಲವು ವಾರ ಬದುಕಿದ್ದರು. ಮಸ್ಕತ್ತಿನಿಂದ ಬೊಂಬಾಯಿ, ಬೊಂಬಾಯಿಯಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ ಬಸ್ಸು — ನಾಲ್ಕೈದು ದಿನದ ದಾರಿ. ನಾನು ನರ್ಸಿನ ಟೋಪಿ ಇಟ್ಟುಕೊಂಡು ನಿಂತಿದ್ದೆ. "ಇಲ್ಲ ಮಾಬೂಬಿ. ಆ ಕಾಯಿಲೆ ಹಂಗೇನೇ. ಹೋಗಿದ್ರೂ ಸಿಗ್ತಿರಲಿಲ್ಲ," ಎಂದೆ. ಮೊದಲ ಸುಳ್ಳಿಗಾದರೂ ನಿವೇಶನದ ಆಸೆಯಿತ್ತು. ಇದು ನನ್ನನ್ನು ಉಳಿಸಿಕೊಳ್ಳಲು ಮಾತ್ರ.

ಅವಧಿ ಮುಗಿಯಿತು. ಅವಳು ಕೊಟ್ಟಿದ್ದನ್ನು ಕೊಟ್ಟಷ್ಟೇ ಎಣಿಸಿ ಕೊಟ್ಟೆ. ಬಡ್ಡಿ ನನಗೆ ಉಳಿಯಿತು. ಹೊನ್ನಾಳಿಯ ನಿವೇಶನದ ಬಾಕಿ ತೀರಿತು. ಕೆಲಸ ಬಿಟ್ಟು ಬಂದ ಮೇಲೆ ಅಲ್ಲಿ ಮನೆ ಕಟ್ಟಿಸಿದೆ. ಈಗ ಕೂತು ಬರೆಯುತ್ತಿರುವುದು ಅದೇ ಮನೆಯಲ್ಲಿ.

ಮಾಬೂಬಿಯೂ ಬಂದಳು, ಬಸ್ ನಿಲ್ದಾಣದ ಹತ್ತಿರ ಅಂಗಡಿ ಹಾಕಿದಳು. ನಾನು ಮದುವೆಯಾದವಳಲ್ಲ, ವರ್ಷಕ್ಕೊಂದೆರಡು ಸಲ ಅವಳಲ್ಲಿಗೆ ಹೋಗಿ ಗಾಜಿನ ಬಳೆ ತೊಟ್ಟು ಬರುತ್ತೇನೆ. ತಾಯಿಯಿಂದ ಕಲಿತಂತೆಯೇ ಬೆರಳ ಗಂಟುಗಳನ್ನು ಒತ್ತಿ, ನೋವಾಗದಂತೆ ಏರಿಸುತ್ತಾಳೆ. ಪ್ರತಿ ಸಲವೂ ಒಂದೇ ಮಾತು: "ಕೈ ಬಿಗಿ ಹಿಡೀಬ್ಯಾಡ್ರಿ ಅಕ್ಕ, ಸಡಿಲ ಬಿಡ್ರಿ." ಒಮ್ಮೆ, ಬಳೆ ಏರಿಸುತ್ತಲೇ, ಸಂತೋಷದ ಸುದ್ದಿಯೆಂಬಂತೆ ಹೇಳಿದಳು — ಕೊನೆಗಾಲದಲ್ಲಿ ಅಮ್ಮ ನಮ್ಮ ಟೇಪನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದರಂತೆ. "ಅಣ್ಣ ಹೇಳ್ದ. ಸಿಸ್ಟರಮ್ಮ ಮಾತು ಕೊಟ್ಟಾರೆ, ಕಳಿಸೇ ಕಳಿಸ್ತಾರೆ ಅಂತಿದ್ಲಂತೆ." ನಾನು ದುಡ್ಡು ಕೊಟ್ಟು, ಚಿಲ್ಲರೆ ತೆಗೆದುಕೊಂಡು ಬಂದೆ.

ಈಗ ಬರೆಯಲು ಕಾರಣ ಕಳೆದ ವಾರದ ಮಾತು. ನ್ಯಾಮತಿಯ ಹುಡುಗಿಯೊಬ್ಬಳು ಅಂಗಡಿಗೆ ಬಂದಿದ್ದಳು. ನರ್ಸ್ ಕೆಲಸಕ್ಕೆ ದುಬೈಗೆ ಹೊರಟವಳಂತೆ. ದುಡ್ಡಿನ ವಿಷಯದಲ್ಲಿ ಅಲ್ಲಿ ಯಾರನ್ನು ನಂಬುವುದು ಎಂದು ಮಾಬೂಬಿಯನ್ನು ಕೇಳುತ್ತಿದ್ದಳು. ಅಷ್ಟರಲ್ಲಿ ನಾನು ಮೆಟ್ಟಿಲು ಹತ್ತಿದೆ.

"ನೋಡವ್ವ, ಬಂದ್ರು! ಇಂಥೋರನ್ನ ನಂಬು. ನನ್ನ ರೊಕ್ಕ ಒಂದ್ ವರ್ಷ ಪೂರ್ತಿ ಇವರ ಹತ್ರ ಇತ್ತು. ಬಡ್ಡಿ ಬ್ಯಾಡ ಅಂದಿದ್ದೆ, ಒಂದ್ ಪೈಸೆ ಹೆಚ್ಚಿಲ್ಲ, ಒಂದ್ ಪೈಸೆ ಕಮ್ಮಿ ಇಲ್ಲ, ಹಂಗೇ ಕೊಟ್ರು."

ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ಮುಟ್ಟಿಸಿಕೊಂಡು ನಿಂತೆ.

ತೀರಿಸುವ ದಾರಿ ಹುಡುಕಿದ್ದೇನೆ, ಇಲ್ಲವೆಂದಲ್ಲ. ಬಡ್ಡಿಯನ್ನು ಕೊಡೋಣವೆಂದರೆ ಅದು ಅವಳು ಮುಟ್ಟದ ಹಣ. ಮನೆಯನ್ನು ಬರೆದುಕೊಡೋಣವೆಂದರೆ ಅದರ ನೆಲವೇ ಆ ಬಡ್ಡಿಯದು. ಅವಳ ತಾಯಿಯ ಜೊತೆಗಿನ ಆ ಕೆಲವು ವಾರಗಳನ್ನು ಯಾವ ಬ್ಯಾಂಕಿನಿಂದ ತೆಗೆಸಿ ಕೊಡಲಿ? ನನ್ನಲ್ಲಿ ಉಳಿದಿರುವುದು ನಿಜ ಒಂದೇ, ಅದೂ ಅವಳಿಗೆ ನೋವು ಕೊಡುವಂಥದ್ದು. ಸುಮ್ಮನಿದ್ದರೇ ಅವಳಿಗೆ ನೆಮ್ಮದಿ ಎಂದು ಇಷ್ಟು ವರ್ಷ ಹೇಳಿಕೊಂಡೆ. ನೆಮ್ಮದಿ ನನ್ನದಾಗಿತ್ತು.

ಮಾಬೂಬಿ ಬೆಳಿಗ್ಗೆ ಅಂಗಡಿ ತೆರೆದು, ಬಳೆಗಳ ಧೂಳು ಹೊಡೆದು, ಮೊದಲ ಬಸ್ಸಿನ ಜನ ಬರುವವರೆಗೆ ಒಬ್ಬಳೇ ಕೂತಿರುತ್ತಾಳೆ. ನಾಳೆ ಆ ಹೊತ್ತಿಗೆ ಹೋಗುತ್ತೇನೆ. ನನ್ನನ್ನು ಕಂಡ ಕೂಡಲೇ ಮಣೆ ಸರಿಸಿ, ಬನ್ರಿ ಅಕ್ಕ ಎಂದು ಕೈ ಚಾಚುತ್ತಾಳೆ, ಅದು ಅವಳ ರೂಢಿ. ಅವಳು ನನ್ನ ಕೈ ಹಿಡಿಯುವ ಮೊದಲೇ ಹೇಳಬೇಕು.