ಇಟ್ಟಿಗೆ ಹೇರಿದ ಬಕೆಟ್ಟು

ಅವಳು ತೀರಿಹೋಗಿ ಐದು ವಾರವಾಯಿತು. ಹಿತ್ತಿಲ ಕೋಣೆಯಲ್ಲಿ ಮಣ್ಣಿನ ಬಕೆಟ್ಟಿನ ಮುಚ್ಚಳ ಇನ್ನೂ ಬಿಗಿಯಾಗಿಯೇ ಇದೆ, ಮೇಲೊಂದು ಇಟ್ಟಿಗೆ ಹೇರಿಕೊಂಡು. ಆ ಇಟ್ಟಿಗೆ ಯಾಕೆಂದು ಗೊತ್ತಿಲ್ಲದವರಿಗೆ ಅವಳೇ ಗೊತ್ತಿರಲಿಲ್ಲ.

ಕಪ್ಪುಬಸಿ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಅವಳಿಗೆ ಒಂದೇ ಕೆಲಸ: ಕಪ್ಪಿಗೆ ಹಿಡಿ ಅಂಟಿಸುವುದು. ಎಲ್ಲರ ಬಾಯಲ್ಲೂ ಹಿಡಿಯಮ್ಮ. ಒಮ್ಮೆ ಊಟದ ಬಿಡುವಿನಲ್ಲಿ ಮಡಕೆ ತಿರುಗಿಸುವ ತಿಗರಿಯ ಮುಂದೆ ಕೂತು ಕೈಯಿಟ್ಟಳು.

"ಏಳಮ್ಮ, ಏಳು! ಬಾಲ ಅಂಟಿಸೋಳು ಆನೆ ಮಾಡೋಕೆ ಹೊರಟ್ಲು," ಎಂದು ಮೇಸ್ತ್ರಿ ಎಲ್ಲರೆದುರು ಎಬ್ಬಿಸಿದ. ಪಕ್ಕದ ಮಣೆಯ ಗೆಳತಿ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ನಕ್ಕರು.

ಮರುವರ್ಷ ಅವಳು ಕೆಲಸ ಬಿಟ್ಟಳು. ಹಳೆಯ ತಿಗರಿಯೊಂದನ್ನು, ಗುಜರಿಗೆ ಬಿದ್ದಿದ್ದ ಕರೆಂಟಿನ ಭಟ್ಟಿಯೊಂದನ್ನು ತಂದು ಅಪ್ಪನ ಮನೆಯ ಹಿತ್ತಿಲಿನ ಬಟ್ಟೆ ಒಗೆಯುವ ಕೋಣೆಯಲ್ಲಿಟ್ಟುಕೊಂಡು ಕೂತಳು. ಅಪ್ಪನ ಮನೆ ಎನ್ನುವುದು ಮಾತಿಗೆ, ಆಳುತ್ತಿದ್ದವನು ಅಣ್ಣ. ಅವನಿಗೆ ಆ ಕೋಣೆ ಸ್ಕೂಟರ್ ನಿಲ್ಲಿಸಲು ಬೇಕಿತ್ತು. ಅತ್ತಿಗೆಗೆ ಅವಳು ಅಲ್ಲಿಂದ ಏಳುವುದು ಬೇಕಿತ್ತು, ಅಷ್ಟೇ. ಮೋರಿ ಕಟ್ಟಿಕೊಂಡರೂ ಮಣ್ಣಿನ ದೆಸೆ, ಹಾಲು ಒಡೆದರೂ ಮಣ್ಣಿನ ದೆಸೆ.

ಟೀ ಅಂಗಡಿಯವನು ನಲವತ್ತು ಕಪ್ಪು ಕೇಳಿದ್ದು ಆಗ. ಅವಳ ಮೊದಲ ದೊಡ್ಡ ಕೆಲಸ. ಕೆಂಪಗೆ, ಟಣ್ಣೆನ್ನುವಂತೆ ಸುಟ್ಟು ಕೊಟ್ಟಳು. ಮೂರು ವಾರಕ್ಕೆ ಅವನು ಬುಟ್ಟಿ ಹೊತ್ತು ತಂದು ಅಂಗಳದಲ್ಲಿ ಸುರಿದ. ಒಂದೊಂದರ ಮೈಯಲ್ಲೂ ಚಿಪ್ಪು ಎದ್ದು, ಸಿಡುಬು ಬಂದಂತೆ ಗುಂಡಿ.

"ನಿಂತಲ್ಲೇ ಚಟಚಟ ಅಂತಾವಮ್ಮ. ಗಿರಾಕಿ ಬಾಯಿಗೆ ಚೂರು ಸಿಕ್ಕಿದೆ. ಬೇರೆ ಕೊಡ್ತೀಯೋ, ನಾನು ಸ್ಟೀಲ್ ತಗೊಳ್ಳೋದೋ?"

ಅತ್ತಿಗೆ ಬಾಗಿಲಿಗೆ ಒರಗಿದಳು. "ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ. ನಿನ್ನ ಮಡಕೆಗೆ ದೊಣ್ಣೇನೂ ಬೇಡ ಕಣೇ."

ಅಣ್ಣ ಹೇಳಿದ್ದು ಚಿಕ್ಕದು: "ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು."

ಅವಳು ಕೂತು ಗುಂಡಿಗಳನ್ನು ಸೂಜಿಯಿಂದ ಕೆದಕಿದಳು. ಪ್ರತಿಯೊಂದರ ತಳದಲ್ಲೂ ಒಂದು ಬಿಳಿ ಚುಕ್ಕೆ. ನಾಲಗೆಗೆ ತಾಕಿಸಿದಳು, ಚುರ್ ಎಂದಿತು. ಸುಣ್ಣ. ತಲೆಯೆತ್ತಿ ಗೋಡೆ ನೋಡಿದಳು. ಅವಳು ಪೇಟೆಗೆ ಹೋಗಿದ್ದಾಗ, ಸ್ಕೂಟರಿಗೆ ಈಗಲೇ ಸಿದ್ಧ ಮಾಡುವವನಂತೆ ಅಣ್ಣ ಹಳೆಯ ಸುಣ್ಣ ಕೆರೆದಿದ್ದ. ಕೆಳಗೆ ಚೂರುಮಣ್ಣು ನೆನೆಹಾಕಿದ ಬಕೆಟ್ಟು ಬಾಯ್ದೆರೆದಿತ್ತು, ಉದುರಿದ್ದೆಲ್ಲ ಅದರೊಳಗೆ ಬಿದ್ದಿತ್ತು. ಭಟ್ಟಿಯಲ್ಲಿ ಸುಟ್ಟ ಆ ಸುಣ್ಣ ಗಾಳಿಯ ಪಸೆ ಹೀರಿ ಉಬ್ಬಿ ಕಪ್ಪನ್ನು ಒಳಗಿಂದ ಒಡೆದಿತ್ತು. ಕಾರ್ಖಾನೆಯಲ್ಲಿ ಮಣ್ಣಿನ ತೊಟ್ಟಿ ಮುಚ್ಚಲು ಬೇರೆ ಆಳಿದ್ದ. ಹಿಡಿ ಅಂಟಿಸುವವಳಿಗೆ ಆ ಅಭ್ಯಾಸವೇ ಬಂದಿರಲಿಲ್ಲ.

"ಗೋಡೆ ಕೆರೆಯೋವಾಗ ಬಕೆಟ್ ಕಾಣಲಿಲ್ವಾ?"

"ಕಂಡಿತು," ಎಂದ ಅಣ್ಣ. "ಮುಚ್ಚೋದು ನನ್ನ ಕೆಲಸವಾ?"

ಆ "ಕಂಡಿತು" ಅವಳ ಎದೆಯಲ್ಲಿ ಕೊನೆಯವರೆಗೂ ಉಳಿಯಿತು.

"ಆಯ್ತು, ಮುಚ್ಚದೆ ಬಿಟ್ಟೋಳು ನಾನೇ. ಇನ್ನೊಂದು ಸಲ ಸುಡ್ತೀನಿ. ಅದರಲ್ಲಿ ಒಂದು ಕಪ್ಪು ನಿಮ್ಮ ಅಡುಗೆಮನೇಲಿ ಒಂದು ತಿಂಗಳು ಇಟ್ಕೊಳ್ಳಿ. ಸಿಡಿದ್ರೆ ನಾನೇ ಕೋಣೆ ಬೀಗದಕೈ ತಂದುಕೊಡ್ತೀನಿ. ಸಿಡೀದಿದ್ರೆ ನೀನು ಈ ಕೋಣೆ ಹೊಸಿಲು ದಾಟಬೇಡ."

ಅತ್ತಿಗೆಯೇ ಮೊದಲು ಒಪ್ಪಿದಳು.

ಹೊಸ ಮಣ್ಣಿಗೆ ಗತಿಯಿರಲಿಲ್ಲ. ಕಾರ್ಖಾನೆಯ ಗೆಳತಿ ಭಾನುವಾರ ಬಂದು ಹಳೆಯ ಸೀರೆಯ ಎರಡು ತುದಿ ಹಿಡಿದಳು. ಅದೇ ಮಣ್ಣನ್ನು ನೀರಾಗಿಸಿ ಮೂರು ಸಲ ಸೋಸಿದರು. ಆದರೂ ನಂಬದೆ, ಭಟ್ಟಿಯಿಂದ ತೆಗೆದ ಕಪ್ಪುಗಳನ್ನು ಬಿಸಿಯಿರುವಾಗಲೇ ಅವಳು ನೀರಿನ ತೊಟ್ಟಿಯಲ್ಲಿ ಮುಳುಗಿಸಿದಳು. ಉಳಿದ ಸುಣ್ಣದ ಪುಡಿಯೇನಾದರೂ ಇದ್ದರೆ ಅಲ್ಲೇ ಕರಗಿ ಸಾಯಲಿ ಎಂದು. ಬುಸ್ಸೆಂದು ಗುಳ್ಳೆಯೆದ್ದವು. ನಾಲ್ಕು ಬಿರಿದವು. ಉಳಿದವು ನಿಂತವು.

ಪಸೆ ತಾಕಿದರೆ ಬೇಗ ಸಿಡಿಯುತ್ತದೆಂದು ಅತ್ತಿಗೆ ಯಾರಿಂದಲೋ ಕೇಳಿಕೊಂಡಿದ್ದಳು. ದಿನವೂ ಸೌದೆ ಒಲೆಯ ಮೇಲೆ ಕುದಿಯುವ ಪಾತ್ರೆಯ ಆವಿಗೆ ಆ ಕಪ್ಪನ್ನು ಹಿಡಿದಳು. ಕಿಟಕಿಯಿಂದ ಅದು ಹಿಡಿಯಮ್ಮನಿಗೆ ಕಾಣುತ್ತಿತ್ತು. ಕಂಡರೂ ಸುಮ್ಮನೆ ತಿಗರಿ ತಿರುಗಿಸಿದಳು.

ಮೂವತ್ತೊಂದನೆಯ ದಿನ ಬೆಳಿಗ್ಗೆ ಕಪ್ಪು ಹೊಸಿಲ ಮೇಲೆ ಬೋರಲಾಗಿ ಬಿದ್ದಿತ್ತು. ಮೈಗೆ ಮಸಿ, ಗುಂಡಿ ಒಂದೂ ಇಲ್ಲ.

ಆಮೇಲೆ ಹನ್ನೊಂದು ವರ್ಷ ಅಣ್ಣ ಆ ಹೊಸಿಲು ದಾಟಲಿಲ್ಲ, ಅವಳು ಕರೆಯಲೂ ಇಲ್ಲ. ಟೀ ಅಂಗಡಿಯವನು ಸ್ಟೀಲ್ ಕೊಳ್ಳಲಿಲ್ಲ.

ಮೊನ್ನೆ ಗೆಳತಿ ಅವಳ ಸಾಮಾನು ಕಟ್ಟುತ್ತಿದ್ದಾಗ ಅಣ್ಣ ಬಂದು ಹೊಸಿಲ ಹೊರಗೇ ನಿಂತ. "ಆ ಮಸಿ ಕಪ್ಪು ಇದೆಯಾ? ನೆನಪಿಗೆ ಇಟ್ಕೋತೀನಿ."

ಗೆಳತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. "ಇಲ್ಲ," ಎಂದಳು.