ಅಟ್ಟ ಹತ್ತಿದವರನ್ನು ಕೆಳಗಿಳಿಸುವ ಮರಿಸಿದ್ದಯ್ಯ

ಪೂರಿಗಾಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಂಬಳಿ ನೇಯುವ ದೊಡ್ಡಬೀರಯ್ಯನ ಮಗ್ಗದ ಸದ್ದು ತಟ್ಟನೆ ನಿಲ್ಲುತ್ತದೆ. ಬಾಗಿಲಲ್ಲಿ ಕೋರ್ಟಿನ ಜವಾನ ಮರಿಸಿದ್ದಯ್ಯ, ಕೈಯಲ್ಲಿ ಸಮನ್ಸು.

"ಅವ್ರು ಊರಲ್ಲಿಲ್ಲ ಕಣಪ್ಪ," ಎನ್ನುತ್ತಾಳೆ ಹೆಂಡತಿ ಚಿಕ್ಕಬೋರಮ್ಮ.

"ಊರಲ್ಲಿಲ್ದೋನ ಕಾಲು ಅಟ್ಟದಿಂದ ನೇತಾಡ್ತಾ ಅವೆ ಕಣವ್ವ. ಇಳಿಯಾಕೇಳು, ಬಿದ್ದಾನು."

ಸಮನ್ಸು ಮುಟ್ಟಿದರೆ ಸಾಲ ಒಪ್ಪಿದಂತೆ ಎಂದು ನಮ್ಮ ಕಡೆಯವರ ನಂಬಿಕೆ. ಹಾಗಾಗಿ ಅವಿತುಕೊಳ್ಳುತ್ತಾರೆ. ವಾಯಿದೆ ಕಳೆಯುತ್ತದೆ, ಸಾಹುಕಾರ ಹೇಳಿದ್ದೇ ನಿಜವಾಗಿ ಡಿಕ್ರಿ ಆಗುತ್ತದೆ, ಹಿಂದೆಯೇ ಜಪ್ತಿ. ಓದು ಬಾರದ ಕಾಲದಲ್ಲಿ ನಾನೂ ಬಣವೆಯ ಹಿಂದೆ ಅವಿತವಳೇ. ಅದಕ್ಕೇ ಹೊಟ್ಟೆ ಉರಿಯುತ್ತದೆ.

ಇಪ್ಪತ್ತಮೂರು ವರ್ಷದಿಂದ ಮರಿಸಿದ್ದಯ್ಯ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುತ್ತಿದ್ದಾರೆ. ಈ ಯುದ್ಧಕಾಲದಲ್ಲೂ ಸಂಬಳ ಹದಿನಾಲ್ಕು ರೂಪಾಯಿ. ಸೋಮನಹಳ್ಳಿಯಲ್ಲಿ ಇವರ ತಲೆಯ ಮೇಲೆ ದನಕ್ಕಿಡುವ ಕಲಗಚ್ಚು ಸುರಿದಿದ್ದಾರೆ. ಸಾಹುಕಾರನೊಬ್ಬನ ಗುಮಾಸ್ತನಂತೂ ಎರಡು ರೂಪಾಯಿ ಚಾಚಿ, "ಆಸಾಮಿ ಸಿಗಲಿಲ್ಲ ಅಂತ ಬರೆದು ಬಾಗಿಲಿಗೆ ಅಂಟಿಸಿ ಬಾ" ಅಂದನಂತೆ. ಸಾಲಗಾರ ಅವಿತಷ್ಟೂ ಅವರಿಗೆ ಲಾಭ! ಮರಿಸಿದ್ದಯ್ಯ ದುಡ್ಡು ಮುಟ್ಟಲಿಲ್ಲ.

ದೊಡ್ಡಬೀರಯ್ಯ ಇಳಿಯುತ್ತಾನೆ. ಬಾಮೈದನ ಸಾಲಕ್ಕೆ ಜಾಮೀನು ನಿಂತು ಹೆಬ್ಬೆಟ್ಟು ಒತ್ತಿದವನು. ಬಾಮೈದ ಊರು ಬಿಟ್ಟಿದ್ದಾನೆ.

"ಮಗ್ಗ ಓಯ್ತದಾ ಅಣ್ಣ?"

"ಕಸುಬಿನ ಮಗ್ಗ ಜಪ್ತಿ ಮಾಡಂಗಿಲ್ಲ ಕಣ್ಲಾ, ಕಾನೂನದೆ. ನೀ ಕೋರ್ಟಿಗ್ ಬಂದು ಏಳ್ದೆ ಓದ್ರೆ ಯಾರಿಗ್ ಗೊತ್ತಾಯ್ತದೆ? ಕಂತು ಕೇಳು. ಅದೂ ಆಗ್ದಿದ್ರೆ ದಿವಾಳಿ ಅರ್ಜಿ ಆಕು. ಫೀಸಿಲ್ದೆ ಬಡವ್ರ ಕೇಸು ನಡ್ಸೋ ವಕೀಲ್ರು ಒಬ್ರವ್ರೆ, ನಾ ತೋರುಸ್ತೀನಿ."

"ದಿವಾಳಿ ಅಂದ್ರೆ ಮಾನ ಓಯ್ತದೆ."

"ಅಟ್ಟದ್ ಮೇಲೆ ಕುಂತಿದ್ದಾಗ ಇತ್ತೇನ್ಲಾ ಮಾನ?"

ಚಿಕ್ಕಬೋರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಾಳೆ. ದೊಡ್ಡಬೀರಯ್ಯ ಕಾಗದ ಇಸಿದುಕೊಳ್ಳುತ್ತಾನೆ.

ಹರಾಜು ಎಂದರೆ ಬೀದಿಬೀದಿಗೂ ತಮಟೆ ಹೊಡೆಸುತ್ತಾರೆ. ಮಗ್ಗ ಉಳಿಸುವ ಕಾನೂನಿಗೆ ಒಂದೇ ಒಂದು ಏಟು ಹೊಡೆಸಿದವರುಂಟೇ? ಆ ಕಾನೂನು ಕಚೇರಿಯ ಬೀರುವಿನಲ್ಲಿ ಧೂಳು ತಿನ್ನುತ್ತದೆ. ಅದನ್ನು ಮನೆಮನೆಗೆ ಹೊತ್ತು ತರುವವನ ಮೇಲೆ ನಾವು ಕಲಗಚ್ಚು ಸುರಿಯುತ್ತೇವೆ.

ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವುದೂ ಮರಿಸಿದ್ದಯ್ಯನವರದೇ ಕೆಲಸ. "ಮೂರು ಮೂರು ಸಲ ಬರೀ ಗೋಡೆಗೆ ಕೂಗಿವ್ನಿ ಕಣವ್ವ," ಎನ್ನುತ್ತಾರೆ ನನ್ನ ಬಳಿ. "ಒಂದೇ ಕೂಗ್ಗೆ ಒಬ್ಬ ಓ ಅಂದ್ರೆ ಸಾಕು."

ಗುರುವಾರ, ವಾಯಿದೆಯ ದಿನ. "ದೊಡ್ಡಬೀರಯ್ಯಾ!"

"ಇವ್ನಿ ಸ್ವಾಮಿ," ಎಂದು ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದವನೊಬ್ಬ ಎದ್ದು ನಿಲ್ಲುತ್ತಾನೆ.

ಎರಡನೆಯ ಕೂಗನ್ನು ಮರಿಸಿದ್ದಯ್ಯ ನುಂಗಿಕೊಳ್ಳುತ್ತಾರೆ.