ಲೇತ್ ಪಕ್ಕದ ಇಂಗ್ಲೆಂಡ್ ಪಾಠ

ತೊಂಬತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶದ ಬ್ಯಾಂಕೊಂದರಲ್ಲಿ ಸಾಲದ ಅರ್ಜಿ ಪರಿಶೀಲಿಸುವುದು ನನ್ನ ಕೆಲಸವಾಗಿತ್ತು. ಕಬ್ಬಿಣ ಕಡೆಯುವ ಎರಡನೇ ಲೇತ್ ಯಂತ್ರ ಕೊಳ್ಳಲು ಸಾಲ ಕೇಳಿದ್ದ ಪಕ್ಕದ ಲಗ್ಗೆರೆಯ ಗೌರಮ್ಮನವರ ಶೆಡ್ಡಿಗೆ ಒಮ್ಮೆ ಹೋದೆ. ಅಂಚೆ ಶಿಕ್ಷಣದಲ್ಲಿ ಬಿ.ಎ. ಓದುತ್ತಿದ್ದ ಅವರು ಯಂತ್ರ ನಿಲ್ಲಿಸಿ ಪುಸ್ತಕ ತಂದರು.

“ಸಾರ್, ನಾಳೆ ಪರೀಕ್ಷೆ. ಇಂಗ್ಲೆಂಡಲ್ಲಿ ಕೈಗಾರಿಕಾ ಕ್ರಾಂತಿ ಆದಾಗ ಕಾರ್ಖಾನೆಯೋರಿಗೆ ಸಾಲ ಯಾರು ಕೊಟ್ರು?”

“ಊರೂರಿನ ಸಣ್ಣ ಬ್ಯಾಂಕಿನೋರು ಕೊಡ್ತಿದ್ರು. ಮನುಷ್ಯನ್ನ, ಅವನ ಕೆಲಸಾನ ಹತ್ತಿರದಿಂದ ನೋಡಿ ನಂಬ್ತಿದ್ರು” ಎಂದೆ.

“ಮತ್ತೆ ನೀವ್ಯಾಕೆ ಸಾರ್ ಇಬ್ಬರು ಜಾಮೀನುದಾರರನ್ನ ಕೇಳ್ತೀರಾ? ನಂಗೆ ಸಿಕ್ಕಿರೋದು ಒಬ್ಬರೇ. ನನ್ನ ಕೆಲಸಾನೂ ನೋಡಿ!”

ಅವರು ಮತ್ತೆ ಯಂತ್ರ ಶುರು ಮಾಡಿದರು. ಒಂದು ಗಂಟೆ ಕೂತು ನೋಡಿದೆ. ಎಷ್ಟು ಅಚ್ಚುಕಟ್ಟಾದ ಕೈ! ಅರ್ಜಿಯಲ್ಲಿ ಎರಡನೇ ಜಾಮೀನುದಾರರ ಜಾಗದಲ್ಲಿ ‘ಕೆಲಸ ಕಣ್ಣಾರೆ ನೋಡಿದ್ದೇನೆ, ನಂಬಬಹುದು’ ಎಂದು ಬರೆದೆ. ಇಂಗ್ಲೆಂಡಿನ ಬ್ಯಾಂಕಿನವರ ಕಥೆ ಹೇಳಿದಾಗ ಮ್ಯಾನೇಜರು ನಕ್ಕು ಸಾಲ ಮಂಜೂರು ಮಾಡಿದರು. ನನಗೆ ಮಾತ್ರ ಶಾಖೆಯಲ್ಲಿ ‘ಲಂಡನ್ ಸಾಹೇಬ್ರು’ ಅನ್ನೋ ಹೆಸರು ಖಾಯಂ ಆಯಿತು.